ಉಳಿಸಿಕೊಂಡ ಹೌಸಿಂಗ್, ತೆಗೆದಿಟ್ಟ ಹೌಸಿಂಗ್

ನನ್ನ ಮಜ್ದಾ ಕಾರಿನ ರೋಟರಿ ಎಂಜಿನ್‌ನಲ್ಲಿ ಪಿಸ್ಟನ್‌ಗಳ ಬದಲು ತ್ರಿಕೋನದಂಥ ಎರಡು ರೋಟರ್ ತಿರುಗುತ್ತವೆ, ಒಂದೊಂದರ ಸುತ್ತ ಒಂದು ಹೌಸಿಂಗ್, ಅಂದರೆ ಲೋಹದ ಕವಚ. ಎಂಜಿನ್ ಬಿಚ್ಚಿ ಜೋಡಿಸುವಾಗ ಮುಂಬದಿಯ ಹೌಸಿಂಗನ್ನು ಬದಲಿಸಿದೆ, ಹಿಂಬದಿಯದನ್ನು ಉಳಿಸಿಕೊಂಡೆ. ಕಾರು ಈಗ ಓಡುತ್ತಿದೆ, ಚೆನ್ನಾಗಿಯೇ ಓಡುತ್ತಿದೆ. ಆದರೂ ಹೆದ್ದಾರಿಗೆ ಸೇರುವ ಏರಿನಲ್ಲಿ ಮುಳ್ಳು ಆರು ಸಾವಿರ ಸುತ್ತು ದಾಟುವಾಗಲೆಲ್ಲ ಆ ಹಿಂದಿನ ಹೌಸಿಂಗ್ ನೆನಪಿಗೆ ಬರುತ್ತದೆ. ಅದರ ಒಳಮೈಯ ಕ್ರೋಮ್ ಲೇಪ ಒಂದು ಅಂಚಿನಲ್ಲಿ ಚೂರು ಎದ್ದುಹೋಗಿತ್ತು. ಉಗುರು ಆಡಿಸಿದರೆ ತಡೆಯುತ್ತಿರಲಿಲ್ಲ. ಕೈಪಿಡಿ ಹೇಳುವ ಅಳತೆಗಳೆಲ್ಲ ಮಿತಿಯೊಳಗೇ ಇದ್ದವು. ಮಿತಿಯೊಳಗಿದೆ ಎಂದ ಮೇಲೆ ವಿಷಯ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮನೆಯ ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿ ರಿಪೇರಿ ಮಾಡುವುದೆಂದರೆ ಜನ ಸಾಮಾನ್ಯವಾಗಿ ಭಾರ ಎತ್ತುವುದನ್ನು, ತುಕ್ಕು ಹಿಡಿದ ಬೋಲ್ಟುಗಳನ್ನು, ಕೈಗೆ ಮೆತ್ತುವ ಗ್ರೀಸನ್ನು ಕಲ್ಪಿಸಿಕೊಳ್ಳುತ್ತಾರೆ. ಅದೆಲ್ಲ ಇದೆ, ನಿಜ. ಆದರೆ ನನ್ನನ್ನು ಇವತ್ತಿಗೂ ಬಿಡದಿರುವುದು ಬೇರೆ: ಬಿಚ್ಚಿ, ತೊಳೆದು, ಮೇಜಿನ ಮೇಲೆ ಸಾಲಾಗಿ ಇಟ್ಟ ಹಳೆಯ ಭಾಗಗಳಲ್ಲಿ ಯಾವುದಕ್ಕೆ ಮತ್ತೆ ಒಳಗೆ ಜಾಗ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬ ತೀರ್ಮಾನ.

ಕಾರು 1993ರ ಮಜ್ದಾ ಆರ್‌ಎಕ್ಸ್-7, ಅಭಿಮಾನಿಗಳು ಎಫ್‌ಡಿ ಎಂದು ಕರೆಯುವ ಮೂರನೆಯ ತಲೆಮಾರಿನದು. ಅಮೆರಿಕದಲ್ಲಿ ಇದು ಮಾರಾಟವಾದದ್ದು ಮೂರೇ ಮಾದರಿ ವರ್ಷ, 1993ರಿಂದ 1995ರವರೆಗೆ. ಜಪಾನಿನಲ್ಲಿ 2002ರವರೆಗೂ ತಯಾರಾಯಿತು. ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ನ ಹೊರವಲಯದಲ್ಲಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಇಂಥ ಕಾರುಗಳು ಹೇಗೂ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೊರಗೆ ಬರುವುದಿಲ್ಲ. ಹಾಗಾಗಿ ಬಿಚ್ಚುವುದಕ್ಕೆ ಚಳಿಗಾಲಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಕಾಯಿಲೆ ಹೀಗಿತ್ತು. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಸಿಹಿ ವಾಸನೆಯ ಬಿಳಿ ಹೊಗೆ. ರೇಡಿಯೇಟರ್ ನೀರು ಎಲ್ಲೂ ಸೋರದೆಯೇ ಕಡಿಮೆಯಾಗುತ್ತಿತ್ತು. ಮುಚ್ಚಳ ತೆಗೆದು ಎಂಜಿನ್ ನಡೆಸಿದರೆ ನೀರಿನಲ್ಲಿ ಸಣ್ಣ ಗುಳ್ಳೆಗಳ ಸಾಲು. ರೋಟರಿ ಎಂಜಿನ್ ಬಲ್ಲವರಿಗೆ ಇಷ್ಟು ಸಾಕು: ಒಳಗಿನ ನೀರಿನ ಸೀಲ್ ಹೋಗಿದೆ, ಉರಿಯುವ ಅನಿಲ ನೀರಿನ ದಾರಿಗೆ ನುಗ್ಗುತ್ತಿದೆ. ಎಂಜಿನ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆಂದು ನೋಡುವ ಕಂಪ್ರೆಷನ್ ಪರೀಕ್ಷೆಯೂ ಸುದ್ದಿ ಕೊಟ್ಟಿತು. ಒಂದು ರೋಟರ್‌ಗೆ ಮೂರು ಮುಖ, ಆದ್ದರಿಂದ ಮೂರು ಅಂಕಿ. ನಿಮಿಷಕ್ಕೆ 250 ಸುತ್ತಿನ ವೇಗದಲ್ಲಿ ಹೊಸ ಎಂಜಿನ್ ಚದರ ಸೆಂಟಿಮೀಟರಿಗೆ 8.5 ಕೆಜಿ ತೋರಿಸಬೇಕು, 6.0 ಎಂಬುದು ಕೆಳಗಿನ ಗಡಿ. ನನ್ನ ಹಿಂದಿನ ರೋಟರ್ 7.3, 7.1, 7.4 ಕೊಟ್ಟಿತು. ಮುಂದಿನದು 6.2, 6.0, 5.3. ತ್ರಿಕೋನದ ತುದಿಯ ಸೀಲ್ ಹಾಳಾದರೆ ಅದರ ಎರಡೂ ಬದಿಯ ಮುಖಗಳು ಒಟ್ಟಿಗೆ ಬೀಳುತ್ತವೆ, ಏಕೆಂದರೆ ಆ ಸೀಲ್ ಇಬ್ಬರ ನಡುವಿನ ಗೋಡೆ. ಇಲ್ಲಿ ಬಿದ್ದಿದ್ದು ಒಂದೇ ಮುಖ. ಅಂದರೆ ಅನುಮಾನ ಆ ಮುಖದ ಬದಿಯ ಸೀಲ್‌ಗಳ ಮೇಲೆ. ಒಂದು ಬೋಲ್ಟನ್ನೂ ಮುಟ್ಟುವ ಮುನ್ನ ಮೂರು ಅಂಕಿಗಳಿಂದ ಇಷ್ಟು ತಿಳಿಯುತ್ತದೆ ಎನ್ನುವುದೇ ನನಗೆ ಈ ಎಂಜಿನ್ ಬಗ್ಗೆ ಇರುವ ಪ್ರೀತಿಯ ಮೊದಲ ಕಾರಣ.

ಇಳಿಸಿದ್ದು

ಎಂಜಿನ್ ಹೊರಗೆ ತೆಗೆದ ಕಥೆಯನ್ನು ಬೇಗ ಮುಗಿಸುತ್ತೇನೆ. ನೀರು, ಆಯಿಲ್ ಬಸಿದೆವು. ರೇಡಿಯೇಟರ್, ಇಂಟರ್‌ಕೂಲರ್ ಕಳಚಿದೆವು. ಇನ್‌ಟೇಕ್ ಕೆಳಗೆ ಅಡಗಿರುವ ವ್ಯಾಕ್ಯೂಮ್ ಪೈಪುಗಳ ಗೋಜಲನ್ನು ಒಂದೊಂದಾಗಿ ಚೀಟಿ ಅಂಟಿಸಿ ಬಿಡಿಸಿದೆವು. ಎಂಜಿನ್‌ಗೆ ಒತ್ತಿ ಗಾಳಿ ತುಂಬುವ ಎರಡು ಟರ್ಬೋಗಳು ಒಂದಾದ ಮೇಲೊಂದು ಕೆಲಸಕ್ಕೆ ಇಳಿಯುವಂತೆ ಮಾಡುವ ಏರ್ಪಾಡು ಆ ಪೈಪುಗಳಲ್ಲೇ ಇದೆ. ಮೂವತ್ತು ವರ್ಷದ ಬಿಸಿಗೆ ಅವು ಮುಟ್ಟಿದರೆ ಮುರಿಯುವಷ್ಟು ಗಟ್ಟಿಯಾಗಿದ್ದವು. ಎಲ್ಲವನ್ನೂ ಸಿಲಿಕೋನ್ ಪೈಪಿಗೆ ಬದಲಿಸಿದೆ, ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ.

ತಡೆದು ನಿಲ್ಲಿಸಿದ್ದು ಕ್ಲಚ್. ಬಹುತೇಕ ಕಾರುಗಳಲ್ಲಿ ಕ್ಲಚ್ ಬೇರಿಂಗ್ ಪ್ರೆಷರ್ ಪ್ಲೇಟನ್ನು ಒತ್ತುತ್ತದೆ. ಎಫ್‌ಡಿಯಲ್ಲಿ ಅದು ಎಳೆಯುತ್ತದೆ. ಎಳೆಯಬೇಕಾದರೆ ಕಚ್ಚಿಕೊಂಡಿರಬೇಕು, ಕಚ್ಚಿಕೊಂಡಿರುವುದನ್ನು ಬಿಡಿಸದೆ ಗೇರ್‌ಬಾಕ್ಸ್‌ನಿಂದ ಎಂಜಿನ್ ಬೇರೆಯಾಗುವುದಿಲ್ಲ. ಬೆಲ್‌ಹೌಸಿಂಗ್‌ನ ಕಿಂಡಿಯಿಂದ ಸ್ಕ್ರೂಡ್ರೈವರ್ ತೂರಿಸಿ, ಪ್ಲೇಟಿಗೂ ಬೇರಿಂಗ್‌ಗೂ ನಡುವೆ ಇಟ್ಟು ತಿರುಚಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ, ಕೈಗೇ ತಿಳಿಯಬೇಕು. ಟಕ್ ಎಂದು ಬಿಟ್ಟುಕೊಂಡಾಗ ಎಂಜಿನ್ ಎತ್ತುವ ಹೋಯ್ಸ್ಟ್‌ನ ಸರಪಳಿ ಸ್ವಲ್ಪ ಸಡಿಲಿ, ಎಂಜಿನ್ ಬೆರಳಗಲ ಮುಂದಕ್ಕೆ ಜರುಗಿತು. ಅಲ್ಲಿಂದ ಮುಂದೆ ತಾಳ್ಮೆಯಿದ್ದರೆ ಸಾಕು.

ಹೊರಬಂದ ಮೇಲೆ ಇದು ಎಷ್ಟು ಚಿಕ್ಕ ಎಂಜಿನ್ ಎಂದು ನೋಡಿದವರಿಗೆಲ್ಲ ಬೆರಗು. 255 ಅಶ್ವಶಕ್ತಿ ಕೊಡುವ ವಸ್ತು, ಟರ್ಬೋಗಳನ್ನು ಕಳಚಿಟ್ಟರೆ, ಅಡುಗೆಮನೆಯ ಮೇಜಿನ ಅರ್ಧವನ್ನೂ ತುಂಬುವುದಿಲ್ಲ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಬದಿಗಳು ಉಬ್ಬಿದ ತ್ರಿಕೋನದಂಥ ಎರಡು ರೋಟರ್, ಒಂದೊಂದಕ್ಕೆ 654 ಸಿಸಿ. ನಡುವೆ ಹಾಯುವ ಶಾಫ್ಟ್ ಮೂರು ಸುತ್ತು ತಿರುಗಿದಾಗ ರೋಟರ್ ಒಂದು ಸುತ್ತು ತಿರುಗುತ್ತದೆ. ಬೀಡುಕಬ್ಬಿಣದ ತಟ್ಟೆ, ಅಲ್ಯುಮಿನಿಯಂ ಹೌಸಿಂಗ್, ಮತ್ತೆ ಬೀಡು, ಮತ್ತೆ ಅಲ್ಯುಮಿನಿಯಂ, ಕೊನೆಗೆ ಬೀಡು, ಹೀಗೆ ಐದು ಪದರಗಳನ್ನು ಟಿಫಿನ್ ಕ್ಯಾರಿಯರ್‌ನಂತೆ ಪೇರಿಸಿ ಉದ್ದನೆಯ ಬೋಲ್ಟುಗಳಿಂದ ಈ ತುದಿಯಿಂದ ಆ ತುದಿಗೆ ಬಿಗಿದಿದ್ದಾರೆ.

ಈ ರಚನೆಯಲ್ಲೇ ಅದರ ಕಷ್ಟವೂ ಇದೆ. ಪಿಸ್ಟನ್ ಎಂಜಿನ್‌ನ ಸಿಲಿಂಡರಿನಲ್ಲಿ ಬೆಂಕಿ ಉರಿದ ಜಾಗಕ್ಕೇ ಮರುಕ್ಷಣ ತಣ್ಣನೆಯ ಹೊಸ ಗಾಳಿ ಬರುತ್ತದೆ. ರೋಟರಿಯಲ್ಲಿ ಹಾಗಿಲ್ಲ. ಉರಿಯುವ ಜಾಗ ಯಾವಾಗಲೂ ಉರಿಯುತ್ತಲೇ ಇರುತ್ತದೆ, ಗಾಳಿ ಎಳೆದುಕೊಳ್ಳುವ ಬದಿ ಯಾವಾಗಲೂ ತಂಪಾಗಿರುತ್ತದೆ. ಒಂದೇ ಹೌಸಿಂಗ್‌ನ ಒಂದು ಮಗ್ಗುಲು ಹಿಗ್ಗುತ್ತದೆ, ಇನ್ನೊಂದು ಅಷ್ಟಾಗಿ ಹಿಗ್ಗುವುದಿಲ್ಲ. ಅದರ ಮೇಲೆ ಅಲ್ಯುಮಿನಿಯಂ ಹಿಗ್ಗುವಷ್ಟು ಬೀಡು ಹಿಗ್ಗುವುದಿಲ್ಲ. ಈ ಎಳೆದಾಟವನ್ನೆಲ್ಲ ತಡೆದುಕೊಂಡು ನೀರನ್ನೂ ಬೆಂಕಿಯನ್ನೂ ಬೇರೆಯಾಗಿ ಇಡಬೇಕಾದದ್ದು ಪದರಗಳ ನಡುವಿನ ರಬ್ಬರಿನಂಥ ಒಂದು ತೆಳು ಸೀಲ್. ಒಮ್ಮೆ ಎಂಜಿನ್ ಅತಿಯಾಗಿ ಬಿಸಿಯಾದರೂ ಸಾಕು, ಅದರ ಆಯಸ್ಸು ಅಲ್ಲಿಗೆ ಕಡಿಮೆಯಾಗುತ್ತದೆ. ರೋಟರಿ ಎಂಜಿನ್ ನಂಬಿಕೆಗೆ ಅರ್ಹವಲ್ಲ ಎಂದು ಹೇಳುವವರು ಈ ಸೀಲಿನ ಸಾವನ್ನು ನೋಡಿ ಹೇಳುತ್ತಾರೆ. ನೀರು ಕಡಿಮೆಯಾದಾಗ ನೋಡದೆ ಓಡಿಸಿದವರ ಪಾಲನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎನ್ನುವುದು ನನ್ನ ದೂರು.

ಅಮ್ಮನ ಮೇಜು

ಆ ಚಳಿಗಾಲ ಅಮ್ಮ ಬೆಂಗಳೂರಿನಿಂದ ಬಂದು ನಮ್ಮ ಜೊತೆಯಲ್ಲಿದ್ದರು. ಅವರು ಜಾಲಹಳ್ಳಿಯ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆಯಲ್ಲಿ, ಜೋಡಣೆಯ ಸಾಲಿನಲ್ಲಿ ಕೆಲಸ ಮಾಡಿ ಸ್ವಯಂನಿವೃತ್ತಿ ಪಡೆದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಆ ಕಾರ್ಖಾನೆ ನಮ್ಮ ಊರಿನ ಎಷ್ಟೋ ಹೆಣ್ಣುಮಕ್ಕಳ ಕೈಗೆ ಚಿಮುಟವನ್ನೂ ಸಂಬಳವನ್ನೂ ಕೊಟ್ಟಿತು. 2016ರಲ್ಲಿ ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಸುದ್ದಿ ಓದಿದ ದಿನ ಅಮ್ಮ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ್ದರು, ಮುಚ್ಚಿದ್ದರ ಬಗ್ಗೆ ಒಂದು ಮಾತೂ ಆಡದೆ, ತಮ್ಮ ಸಾಲಿನಲ್ಲಿದ್ದವರು ಈಗ ಎಲ್ಲೆಲ್ಲಿದ್ದಾರೆ ಎಂದು.

ಮುಂದಿನ ತಟ್ಟೆಯನ್ನು ಎತ್ತಿದಾಗ ಅಮ್ಮ ಶಾಲು ಹೊದ್ದು ಹೀಟರ್ ಪಕ್ಕ ನಿಂತಿದ್ದರು. ನೀರಿನ ಸೀಲ್ ಚಪ್ಪಟೆಯಾಗಿ ಗಡಸಾಗಿತ್ತು, ಒಂದು ಕಡೆ ಕರಕಲಾಗಿತ್ತು. ಅದರ ಪಕ್ಕದಲ್ಲಿ ಯಾರೋ ಹಿಂದೊಮ್ಮೆ ಧಾರಾಳವಾಗಿ ಹಿಂಡಿದ ಸಿಲಿಕೋನ್ ಅಂಟು ಉಬ್ಬಿ, ಕಿತ್ತು, ನೀರಿನ ದಾರಿಯೊಳಗೆ ಜೋತಾಡುತ್ತಿತ್ತು. ಈ ಎಂಜಿನ್ ನನಗಿಂತ ಮುಂಚೆಯೂ ಒಮ್ಮೆ ಬಿಚ್ಚಿಸಿಕೊಂಡಿತ್ತು ಎಂಬುದು ಆಗಲೇ ಗೊತ್ತಾದದ್ದು. ಅಮ್ಮ ಬಗ್ಗಿ ನೋಡಿದರು. "ಪುಟ್ಟಿ, ಇದನ್ನು ಯಾರು ಪಾಸ್ ಮಾಡಿದರು?" ಎಂದು ಕೇಳಿದರು. ಯಾರು ಮಾಡಿದರು ಎಂದಲ್ಲ, ಯಾರು ಪಾಸ್ ಮಾಡಿದರು ಎಂದು. ನನ್ನ ಬಳಿ ಉತ್ತರವಿರಲಿಲ್ಲ. ಕಾರಿನ ಜೊತೆ ಬಂದ ಕಾಗದಗಳಲ್ಲಿ ಆ ಕೆಲಸದ ಒಂದು ಸಾಲೂ ಇರಲಿಲ್ಲ.

ಮರುದಿನದಿಂದ ಅವರಿಗೆ ಒಂದು ಮೇಜು, ಒಂದು ದೀಪ, ಭೂತಗನ್ನಡಿ. ಒಂದೊಂದು ರೋಟರ್‌ಗೆ ತುದಿಯ ಸೀಲ್ ಮೂರು, ಮೂಲೆಯ ಸೀಲ್ ಆರು, ಬದಿಯ ಸೀಲ್ ಆರು, ಎಲ್ಲದರ ಕೆಳಗೂ ಸ್ಪ್ರಿಂಗ್. ಯಾವುದು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ತುದಿಯ ಸೀಲ್‌ಗಳ ದಪ್ಪ ಬರೀ 2 ಮಿಲಿಮೀಟರ್. ಅವುಗಳನ್ನೆಲ್ಲ ಹೊಸದು ತರಿಸಿದ್ದೆ. ಬದಿಯ ಸೀಲ್‌ಗಳೂ ಹೊಸವೇ, ಆದರೆ ಅವು ಉದ್ದ ಹೆಚ್ಚಿಗೆ ಇಟ್ಟೇ ಬರುತ್ತವೆ. ರೋಟರ್‌ನಲ್ಲಿ ಅವು ಕೂರುವ ಆಯಾ ತೋಡಿಗೆ ತಕ್ಕಂತೆ ಅರದಿಂದ ಉಜ್ಜಿ ಕೂರಿಸಬೇಕು. ಮೂಲೆಯ ಸೀಲಿಗೂ ಬದಿಯ ಸೀಲಿನ ತುದಿಗೂ ನಡುವೆ 0.05ರಿಂದ 0.15 ಮಿಲಿಮೀಟರ್ ಸಂದು ಇರಬೇಕು ಎನ್ನುತ್ತದೆ ಕೈಪಿಡಿ. ಹೆಚ್ಚಾದರೆ ಕಂಪ್ರೆಷನ್ ಸೋರುತ್ತದೆ, ಕಡಿಮೆಯಾದರೆ ಬಿಸಿಗೆ ಹಿಗ್ಗಿ ಕಚ್ಚಿಕೊಳ್ಳುತ್ತದೆ. ನಾವು 0.05ರ ಹತ್ತಿರ ಇಡೋಣವೆಂದು ನಿರ್ಧರಿಸಿದೆವು.

ಅಮ್ಮ ಕೆಲಸ ಮಾಡಿದ ರೀತಿಯನ್ನು ಬರೆದಿಡಬೇಕು. ಸೀಲಿನ ಒಂದೇ ತುದಿಯನ್ನು ಉಜ್ಜುವುದು. ಅರವನ್ನು ಮೇಜಿಗೆ ಒರಗಿಸಿ ಅಲುಗದಂತೆ ಇಟ್ಟು, ಸೀಲನ್ನೇ ಅದರ ಮೇಲೆ ಎಳೆಯುವುದು, ಯಾವಾಗಲೂ ತಮ್ಮ ಕಡೆಗೆ. ಎರಡು ಎಳೆತ, ನಿಲ್ಲಿಸು. ಎಣ್ಣೆಕಲ್ಲಿನ ಮೇಲೆ ಮೆಲ್ಲಗೆ ತಿಕ್ಕಿ ಅಂಚಿನ ಮುಳ್ಳು ತೆಗೆ. ಒರೆಸು. ತೋಡಿನಲ್ಲಿ ಕೂರಿಸಿ, ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆ ತೂರಿಸಿ ನೋಡು. ಎಲೆ ಹೋಗದಿದ್ದರೆ ಮತ್ತೆ ಎರಡು ಎಳೆತ. ಹೋದರೆ, ಹೇಗೆ ಹೋಯಿತು ಎಂದು ಇನ್ನೊಮ್ಮೆ ನೋಡು. ನಾನು ಪಕ್ಕದಲ್ಲಿ ಕೂತು ಸಂಖ್ಯೆ ಬರೆದುಕೊಳ್ಳುತ್ತಿದ್ದೆ. ಕೆಲವಕ್ಕೆ ಅರ್ಧ ಗಂಟೆ ಹಿಡಿಯಿತು. ಯಾವ ವರ್ಕ್‌ಶಾಪೂ ಒಂದು ಸೀಲಿಗೆ ಅರ್ಧ ಗಂಟೆ ಕೊಡಲಾರದು, ಕೊಟ್ಟರೆ ಬಾಗಿಲು ಮುಚ್ಚಬೇಕಾಗುತ್ತದೆ. ಮನೆಯಲ್ಲಿ ಮಾಡಿದರೆ ದುಡ್ಡು ಉಳಿಯುತ್ತದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ: ಉಪಕರಣಗಳಿಗೆ ಸುರಿದದ್ದನ್ನು ಸೇರಿಸಿದರೆ ಉಳಿತಾಯ ಅಷ್ಟಕ್ಕಷ್ಟೇ, ಆದರೆ ಒಂದೊಂದು ಭಾಗಕ್ಕೂ ಅದು ಬೇಡುವಷ್ಟು ಹೊತ್ತನ್ನು ಕೊಡಬಹುದು.

ಆ ಮೇಜಿನಲ್ಲಿ ಕೂತೇ ಹೌಸಿಂಗ್‌ಗಳ ಮಾತು ಬಂತು. ಮುಂದಿನದು ಸುಲಭ. ಸ್ಪಾರ್ಕ್ ಪ್ಲಗ್ ಕಿಂಡಿಯ ಸುತ್ತ ಕ್ರೋಮ್ ಬಿರುಕು ಬಿಟ್ಟಿತ್ತು, ತುದಿಯ ಸೀಲ್ ಓಡಾಡುವ ದಾರಿಯಲ್ಲೇ ಗೀರುಗಳಿದ್ದವು. ಹಿಂದಿನದು ಅಂಚಿನ ಆ ಒಂದು ಚೂರನ್ನು ಬಿಟ್ಟರೆ ಚೆನ್ನಾಗಿತ್ತು. ತಟ್ಟೆಗಳನ್ನೂ ಅಳೆದೆವು. ಬದಿಯ ಸೀಲ್ ಉಜ್ಜಿ ಉಜ್ಜಿ ಬೀಡಿನಲ್ಲಿ ಮೂಡುವ ಮೆಟ್ಟಿಲು 0.10 ಮಿಲಿಮೀಟರ್ ಮೀರಬಾರದು, ಹಿಂದಿನ ತಟ್ಟೆಯಲ್ಲಿ 0.07 ಇತ್ತು. ಬಾಗು 0.04 ಮೀರಬಾರದು, ಎಲ್ಲೂ ಮೀರಿರಲಿಲ್ಲ. "ಸರಿ ಇದೆ ಅಂತ ತಾನೇ ಅರ್ಥ, ಅಮ್ಮ?" ಎಂದೆ. ಅವರು ಡಯಲ್ ಗೇಜಿನ ಮುಳ್ಳನ್ನು ನೋಡುತ್ತಲೇ ಹೇಳಿದರು: "ನನ್ನ ಕೈಗೆ ಬರುತ್ತಿದ್ದದ್ದೆಲ್ಲ ಹೊಸದು. ಗೇಜಿಗೆ ಹೊಂದಿದರೆ ಮುಂದಕ್ಕೆ, ಹೊಂದದಿದ್ದರೆ ಕೆಂಪು ತಟ್ಟೆಗೆ. ಅದರಲ್ಲಿ ನನ್ನ ಬುದ್ಧಿ ಏನೂ ಇರಲಿಲ್ಲ. ಇದು ಓಡಿ ಬಂದದ್ದು. ಇನ್ನೆಷ್ಟು ಓಡುತ್ತದೆ ಅಂತ ನೀನು ಹೇಳಬೇಕು, ಗೇಜ್ ಹೇಳುವುದಿಲ್ಲ."

ಗೇಜ್ ಹೇಳದಿರುವುದು

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ವಾಹನ ಎಂಜಿನಿಯರಿಂಗ್ ನನ್ನ ವೃತ್ತಿ, ಆದರೂ ಈ ಭೇದವನ್ನು ಯಾರೂ ನನಗೆ ಇಷ್ಟು ನೇರವಾಗಿ ಹೇಳಿರಲಿಲ್ಲ. ಹೊಸ ಭಾಗವನ್ನು ನಕ್ಷೆಯ ಎದುರಿಗೆ ಇಟ್ಟು ನೋಡುತ್ತೇವೆ. ಹಳೆಯದನ್ನು ಮುಂದಿನ ದಿನಗಳ ಎದುರಿಗೆ ಇಟ್ಟು ನೋಡಬೇಕು. 0.07 ಎಂದರೆ ಮಿತಿಗೆ 0.03 ಬಾಕಿ ಇದೆ ಎಂದಷ್ಟೇ. ಆ 0.03 ಸವೆಯಲು ಎಷ್ಟು ಮೈಲಿ ಬೇಕು ಎಂಬುದು ಯಾರು ಓಡಿಸುತ್ತಾರೆ, ಎಂಜಿನ್ ಬೆಚ್ಚಗಾಗುವವರೆಗೆ ಕಾಯುತ್ತಾರೆಯೇ, ಆಯಿಲ್ ಎಷ್ಟು ದಿನಕ್ಕೊಮ್ಮೆ ಬದಲಿಸುತ್ತಾರೆ, ಟರ್ಬೋ ಒತ್ತಡ ಏರಿಸುತ್ತಾರೆಯೇ ಎಂಬುದರ ಮೇಲೆ ನಿಂತಿದೆ. ವರ್ಕ್‌ಶಾಪಿನವರಿಗೆ ಅದು ಗೊತ್ತಿರುವುದಿಲ್ಲ. ಆದ್ದರಿಂದಲೇ ಅವರು ಎಲ್ಲವನ್ನೂ ಬದಲಿಸಿ ಎನ್ನುತ್ತಾರೆ, ಇಲ್ಲವೇ ಪೂರ್ತಿ ಎಂಜಿನ್ನನ್ನೇ ತರಿಸಿ ಎನ್ನುತ್ತಾರೆ. ಅವರ ಜಾಗದಲ್ಲಿ ನಿಂತು ನೋಡಿದರೆ ಅದು ಪ್ರಾಮಾಣಿಕವಾದ ಸಲಹೆಯೇ. ಗ್ಯಾರೇಜಿನಲ್ಲಿ ಮಾತ್ರ ಅಳೆಯುವವಳೂ ಓಡಿಸುವವಳೂ ಒಬ್ಬಳೇ. ಮೂಲ ಒತ್ತಡದಲ್ಲೇ, ಬೇಸಿಗೆಯಲ್ಲಷ್ಟೇ, ನಿಧಾನವಾಗಿ ಬೆಚ್ಚಗೆ ಮಾಡಿ ಓಡಿಸುತ್ತೇನೆ ಎಂದು ನನಗೆ ನಾನೇ ಮಾತು ಕೊಡುವುದಾದರೆ ಆ ಹೌಸಿಂಗ್ ಒಳಗೆ ಹೋಗಬಹುದು. ಹಾಗೆ ಮಾತು ಕೊಟ್ಟೇ ಒಳಗಿಟ್ಟೆ.

ಹೊಸ ಹೌಸಿಂಗ್‌ಗಳ ಬೆಲೆ ವರ್ಷ ವರ್ಷವೂ ಏರುತ್ತಿದೆ ಎನ್ನುವುದೂ ಲೆಕ್ಕದಲ್ಲಿತ್ತು. ಬದಿಗೆ ಎಸೆದ ಒಂದೊಂದು ಒಳ್ಳೆಯ ಭಾಗವೂ ಈ ಕಾರುಗಳ ಒಟ್ಟು ಆಯಸ್ಸಿನಿಂದ ಕಳೆದಂತೆ. ಇದನ್ನು ಜಿಪುಣತನ ಎನ್ನಲು ನನಗೆ ಮನಸ್ಸಿಲ್ಲ.

ಹೌಸಿಂಗಿನ ಒಳಮೈ ಎಂದರೆ ಈ ಎಂಜಿನ್ನಿನ ಚರಿತ್ರೆಯೇ ಹೌದು. ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ ಹಿರೋಶಿಮಾದ ಮಜ್ದಾ 1961ರಲ್ಲಿ ರೋಟರಿ ಎಂಜಿನ್ನಿನ ಪರವಾನಗಿ ಪಡೆದಾಗ ತುದಿಯ ಸೀಲ್‌ಗಳು ಕಂಪಿಸಿ ಒಳಗೋಡೆಯ ತುಂಬ ಅಡ್ಡಗೀರುಗಳನ್ನು ಎಳೆಯುತ್ತಿದ್ದವು. ಅಲ್ಲಿನ ಎಂಜಿನಿಯರುಗಳು ಅವನ್ನು ದೆವ್ವದ ಉಗುರಿನ ಗುರುತು ಎಂದು ಕರೆದರು. ಕೆನಿಚಿ ಯಮಾಮೊಟೊ ನೇತೃತ್ವದ ತಂಡ ಇಂಗಾಲ ಮತ್ತು ಅಲ್ಯುಮಿನಿಯಂ ಬೆರೆಸಿದ ಸೀಲ್ ರೂಪಿಸಿ ಅದನ್ನು ಗೆದ್ದಿತು. 1967ರಲ್ಲಿ ಈ ಎಂಜಿನ್ನಿನ ಕಾಸ್ಮೊ ಸ್ಪೋರ್ಟ್ ಕಾರು ಮಾರುಕಟ್ಟೆಗೆ ಬಂತು. 1991ರಲ್ಲಿ ಫ್ರಾನ್ಸಿನ ಲೆ ಮಾನ್‌ನ 24 ಗಂಟೆಯ ಕಾರು ಓಟವನ್ನು ನಾಲ್ಕು ರೋಟರ್‌ಗಳ ಮಜ್ದಾ 787ಬಿ ಗೆದ್ದಿತು. ಭೂತಗನ್ನಡಿಯಲ್ಲಿ ನಮ್ಮ ಹಿಂದಿನ ಹೌಸಿಂಗನ್ನು ನೋಡುವಾಗ ಅಮ್ಮನಿಗೆ ಈ ಕಥೆ ಹೇಳಿದೆ. ಅವರು ಕೇಳಿದ್ದು, ಆ ತಂಡದವರು ಎಷ್ಟು ಸೀಲ್ ಹಾಳು ಮಾಡಿದ ಮೇಲೆ ಸರಿಯಾಯಿತು ಎಂದು.

ಜೋಡಿಸುವಾಗ ಸೀಲ್‌ಗಳು ಬೀಳದಂತೆ ಹಿಡಿದಿಡುವುದು ವ್ಯಾಸಲೀನ್. ಎಂಜಿನ್ ಮೊದಲ ಸಲ ಬಿಸಿಯಾದಾಗ ಕರಗಿ ಹೋಗುತ್ತದೆ. ಪದರಗಳನ್ನು ಪೇರಿಸಿ, ಬೋಲ್ಟುಗಳನ್ನು ಹೇಳಿದ ಕ್ರಮದಲ್ಲಿ ಹಂತ ಹಂತವಾಗಿ ಬಿಗಿದೆವು. ಮುಂಭಾಗದ ಬೋಲ್ಟ್ ಬಿಗಿಯುವವರೆಗೆ ಎಂಜಿನ್ನನ್ನು ನೆಟ್ಟಗೆ, ಮೂತಿ ಮೇಲಾಗಿ ನಿಲ್ಲಿಸಿಯೇ ಇಟ್ಟೆ. ಅಡ್ಡ ಮಲಗಿಸಿದರೆ ಒಳಗಿನ ಸೂಜಿ ಬೇರಿಂಗ್ ಜಾಗ ತಪ್ಪಿ ಕೆಳಗಿಳಿದು, ಬಿಗಿಯುವಾಗ ನಜ್ಜುಗುಜ್ಜಾಗುತ್ತದೆ. ಅದಾಗಿದೆಯೋ ಇಲ್ಲವೋ ತಿಳಿಯಲು ಶಾಫ್ಟ್ ಹಿಂದೆ ಮುಂದೆ ಎಷ್ಟು ಜರುಗುತ್ತದೆಂದು ಅಳೆಯಬೇಕು: 0.04ರಿಂದ 0.07 ಮಿಲಿಮೀಟರ್. ನಮ್ಮದು 0.05. ಫ್ಲೈವೀಲಿನ 54 ಮಿಲಿಮೀಟರ್ ನಟ್ಟನ್ನು ಬಿಗಿಯಲು ನನ್ನ ಗಂಡನೂ ಪಕ್ಕದ ಮನೆಯವರೂ ಉದ್ದದ ಪೈಪಿಗೆ ಒಟ್ಟಿಗೆ ಭಾರ ಬಿಡಬೇಕಾಯಿತು.

ಏಪ್ರಿಲ್‌ನಲ್ಲಿ ಕಾರು ಹೊರಬಂತು. ಪೆಟ್ರೋಲ್ ಹಾಕಿಸುವಾಗ ಗ್ಯಾಲನ್‌ಗೆ ಸುಮಾರು 30 ಮಿಲಿಲೀಟರ್ ಟೂ-ಸ್ಟ್ರೋಕ್ ಆಯಿಲನ್ನು ಟ್ಯಾಂಕಿಗೆ ಬೆರೆಸುತ್ತೇನೆ. ತುದಿಯ ಸೀಲ್‌ಗಳಿಗೆ ಆಯಿಲ್ ಚಿಮುಕಿಸುವ ಪಂಪ್ ಈ ಎಂಜಿನ್‌ನಲ್ಲೇ ಇದೆ, ಆದರೂ ರೋಟರಿ ಇರುವವರಲ್ಲಿ ಅನೇಕರು ಹೀಗೆ ಮಾಡುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಅಪ್ಪನ ಯೆಜ್ಡಿ ಬೈಕಿಗೂ ಬಂಕಿನಲ್ಲಿ ಆಯಿಲ್ ಬೆರೆಸಿಯೇ ಪೆಟ್ರೋಲ್, ಇದಕ್ಕಿಂತ ಹಲವು ಪಟ್ಟು ಹೆಚ್ಚಾಗಿ. ಅಮ್ಮ ಮೊದಲ ಸಲ ಪಕ್ಕದ ಸೀಟಿನಲ್ಲಿ ಕೂತಾಗ ಹಿಂದಿನಿಂದ ಬಂದ ಹೊಗೆಯ ವಾಸನೆಗೆ ತಿರುಗಿ ನೋಡಿದರು, ಏನೂ ಹೇಳಲಿಲ್ಲ.

ನೋಟ್‌ಬುಕ್

ಸವೆತದ ವೇಗ ತಿಳಿಯಲು ಎರಡು ಅಳತೆ ಬೇಕು, ನಡುವೆ ಓಡಿದ ಮೈಲಿ ಬೇಕು. ನನ್ನ ಬಳಿ ಇರುವುದು ಒಂದೇ. ನನಗಿಂತ ಮುಂಚೆ ಈ ಎಂಜಿನ್ ಬಿಚ್ಚಿದವರು ಅಂದು ಆ ತಟ್ಟೆಯ ಮೆಟ್ಟಿಲನ್ನು ಅಳೆದು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ, ನನ್ನ 0.07ಕ್ಕೆ ಅರ್ಥ ಬರುತ್ತಿತ್ತು. ಅಂದು 0.06 ಇದ್ದಿದ್ದರೆ ನಾನು ನಿಶ್ಚಿಂತೆಯಿಂದ ಇರಬಹುದಿತ್ತು. 0.02 ಇದ್ದಿದ್ದರೆ ತಟ್ಟೆಯನ್ನೇ ಬದಲಿಸುತ್ತಿದ್ದೆ. ಅವರು ಹಿಂಡಿದ ಸಿಲಿಕೋನ್‌ಗಿಂತ ಅವರು ಬರೆಯದೆ ಹೋದದ್ದು ನನಗೆ ಹೆಚ್ಚು ಬೇಸರ ತರಿಸುತ್ತದೆ.

ಆದ್ದರಿಂದ ಈಗ ಗ್ಲೋವ್ ಬಾಕ್ಸ್‌ನಲ್ಲಿ ಒಂದು ತೆಳು ನೋಟ್‌ಬುಕ್ ಇದೆ. ಬಿಚ್ಚಿದಾಗಿನ ಮೈಲಿ, ಆರು ಕಂಪ್ರೆಷನ್ ಅಂಕಿಗಳು, ಹನ್ನೆರಡು ಬದಿಯ ಸೀಲ್‌ಗಳ ಸಂದು, ಮೂರು ತಟ್ಟೆಗಳ ಸವೆತ, ಶಾಫ್ಟಿನ ಜರುಗು, ಹಿಂದಿನ ಹೌಸಿಂಗ್‌ನ ಎದ್ದುಹೋದ ಚೂರಿನ ಅಳತೆ ಮತ್ತು ಅದು ಇರುವ ಜಾಗದ ಚಿತ್ರ, ಅದನ್ನು ಯಾಕೆ ಉಳಿಸಿಕೊಂಡೆ ಎಂಬ ನಾಲ್ಕು ಸಾಲು. ಅಳೆದವರು ಯಾರು, ನೋಡಿ ಒಪ್ಪಿದವರು ಯಾರು ಎಂಬ ಎರಡು ಕಲಂಗಳನ್ನು ಅಮ್ಮ ಹಟ ಹಿಡಿದು ಸೇರಿಸಿದರು. ಮೊದಲನೆಯದರಲ್ಲಿ ನನ್ನ ಹೆಸರು, ಎರಡನೆಯದರಲ್ಲಿ ಅವರ ಸಹಿ. ಕಾರು ಮಾರಿದರೆ ನೋಟ್‌ಬುಕ್ ಅದರ ಜೊತೆಗೇ ಹೋಗುತ್ತದೆ. ಇಂಥ ಎಂಜಿನ್ ಬಿಚ್ಚಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಹಳೆಯ ತಟ್ಟೆಯ ಮೇಲೆ ಓಡಿದ ಮೈಲಿಯನ್ನೂ ಆ ಮೆಟ್ಟಿಲಿನ ಅಳತೆಯನ್ನೂ ಬರೆದು ಕಳಿಸಿ. ಹತ್ತು ಎಂಜಿನ್‌ಗಳ ಲೆಕ್ಕ ಒಂದೆಡೆ ಸೇರಿದರೂ, ಮುಂದೆ ಮೇಜಿನ ಎದುರು ಕೂತು ಯೋಚಿಸುವವರ ಕೆಲಸ ಸ್ವಲ್ಪ ಹಗುರಾಗುತ್ತದೆ.